ರಿಪೇರಿಯವನೇ ಮನೆಗೆ ಬರುತ್ತಿದ್ದ ಕಾಲ

2018ರಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಹೊಸ ಸ್ಮಾರ್ಟ್‌ಫೋನ್ ಕೊಂಡು ಶಿರಂಗಾಲದ ಸೋದರಮಾವನಿಗೆ ಕೊಟ್ಟೆ. ಒಂಬತ್ತನೇ ದಿನಕ್ಕೆ ಪರದೆ ಕಪ್ಪಾಯ್ತು. "ನೀನ್ ಕೊಟ್ಟ ಫೋನು ಕಣ್ಣೇ ಬಿಡ್ತಿಲ್ಲ ಕಣಪ್ಪ" ಅಂತ ಪಕ್ಕದ ಮನೆಯವರ ಫೋನಿನಿಂದ ಹೇಳಿದರು. ವಾರಂಟಿ ಇದೆ ಮಾವ, ಒಂದು ವರ್ಷ, ಯೋಚನೆ ಮಾಡಬೇಡಿ ಅಂದೆ. ಟಿವಿಯಲ್ಲಿ ಮಾತಾಡುವವರಿಗೆ ಧೈರ್ಯ ಹೇಳೋದು ಬಲು ಸುಲಭ.

ಶಿರಂಗಾಲ ಕೊಡಗಿನ ಅಂಚಿನ ಊರು. ಪಕ್ಕದಲ್ಲೇ ಕಾವೇರಿ, ಗೇಟು ದಾಟಿದರೆ ಹಾಸನ ಜಿಲ್ಲೆ. ಮಾವ ಹೆಬ್ಬಾಲೆ, ಕೂಡಿಗೆ ದಾಟಿ ಕುಶಾಲನಗರಕ್ಕೆ ಹೋದರು. ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲಿಲ್ಲ, ಮೈಸೂರಿಗೆ ಹೋಗಿ ಅಂದರಂತೆ. ಮೈಸೂರಿಗೆ ಹೋದರು. ಟೋಕನ್ ಹಿಡಿದು ಕೂತರು. ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಮತ್ತೆ ಹೋದಾಗ ಸಿಕ್ಕ ಉತ್ತರ: ಒಳಗಿನ ಸ್ಟಿಕ್ಕರ್ ಕೆಂಪಾಗಿದೆ, ನೀರು ಹೋಗಿದೆ, ವಾರಂಟಿ ನಡೆಯಲ್ಲ. ನೀರು ತಾಗಿದರೆ ಬಣ್ಣ ಬದಲಿಸುವ ಸಣ್ಣ ಸ್ಟಿಕ್ಕರನ್ನು ಫೋನಿನೊಳಗೆ ಅಂಟಿಸಿರುತ್ತಾರೆ. ಮಾವ ಫೋನನ್ನು ನೀರಿಗೆ ಬೀಳಿಸಿರಲಿಲ್ಲ. ಆದರೆ ಆ ವರ್ಷದ ಮಳೆಯನ್ನು ಕೊಡಗಿನವರು ಮರೆತಿಲ್ಲ. ಅಂಥ ಮಳೆಯಲ್ಲಿ ಜೇಬಿನ ಬೆಂಕಿಪೊಟ್ಟಣವೇ ಒಣಗಿರಲ್ಲ, ಫೋನು ಒಣಗಿರಬೇಕಂತೆ!

ನೋಡಿ, ಈ ದಾರಿ ಒಂದು ಕಾಲದಲ್ಲಿ ಉಲ್ಟಾ ಇತ್ತು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಭಾರದ ಕಪ್ಪು ಫೋನು ನೆನಪಿದೆಯಾ? ಅದು ನಿಮ್ಮ ಮನೆಯಲ್ಲಿದ್ದರೂ ನಿಮ್ಮದಲ್ಲ, ಇಲಾಖೆಯದು. ಕೆಟ್ಟರೆ ಲೈನ್‌ಮನ್ ಸೈಕಲ್ ತುಳಿದುಕೊಂಡು ಬರಬೇಕಿತ್ತು. ತಡವಾಗಿ ಬರ್ತಿದ್ದ, ಕಾಫಿ ಕೊಡಬೇಕಿತ್ತು, ಅದೆಲ್ಲ ಸರಿ. ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಶಾಪವೂ ನನಗೆ ಗೊತ್ತು. ಆದರೂ ಓಡಾಟ ಅವನದ್ದಾಗಿತ್ತು. 1995ರ ಜುಲೈ 31ರಂದು ಜ್ಯೋತಿ ಬಸು ಕೋಲ್ಕತ್ತದಿಂದ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಮೊಬೈಲ್ ಬಂದ ಮೇಲೆ ಫೋನು ನಮ್ಮದಾಯ್ತು. ಅದರ ಜೊತೆ ಓಡಾಟವೂ ನಮ್ಮದಾಯ್ತು.

ಕಾನೂನು ಏನು ಮಾಡ್ತಿತ್ತು? 1930ರ ಸರಕು ಮಾರಾಟ ಕಾಯ್ದೆಯ ಒಟ್ಟು ಧೋರಣೆ, ಕೊಳ್ಳುವವನೇ ನೋಡಿ ಕೊಳ್ಳಲಿ ಅಂತ. ಕೆಲವು ವಿನಾಯಿತಿಗಳಿದ್ದವು, ಅವಕ್ಕೂ ಸಿವಿಲ್ ಕೋರ್ಟ್ ಮೆಟ್ಟಿಲು ಹತ್ತಬೇಕಿತ್ತು. 1985ರಲ್ಲಿ ವಿಶ್ವಸಂಸ್ಥೆ ಗ್ರಾಹಕರ ರಕ್ಷಣೆಗೆ ಮಾರ್ಗಸೂಚಿ ಕೊಟ್ಟಿತು. ಮರುವರ್ಷ ಡಿಸೆಂಬರ್ 24ರಂದು ನಮ್ಮ ಗ್ರಾಹಕರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ ಬಂತು.

ಕಂಪನಿಗಳು ಮನಸ್ಸು ಮಾಡಿದರೆ ದಾರಿ ಹತ್ತಿರವಾಗುತ್ತೆ. 2007ರ ಆಗಸ್ಟ್ ನೆನಪಿಸಿಕೊಳ್ಳಿ. ಮತ್ಸುಶಿಟ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಅಂತ ನೋಕಿಯಾ ತಾನೇ ಜಗತ್ತಿಗೆ ಹೇಳಿತು, ಪುಕ್ಕಟೆ ಬದಲಿಸಿಕೊಡ್ತೀವಿ ಅಂದಿತು. ಊರೂರಲ್ಲಿ ಜನ ಫೋನಿನ ಬೆನ್ನು ಬಿಚ್ಚಿ ಬ್ಯಾಟರಿ ಮೇಲಿನ ನಂಬರ್ ಓದಿದ್ದೇ ಓದಿದ್ದು. ಅಲ್ಲಿ ಯಾರೂ ಗ್ರಾಹಕನ ಹತ್ತಿರ ತಪ್ಪು ಹುಡುಕಲಿಲ್ಲ.

ಮಾವನ ವಿಷಯಕ್ಕೆ ಬರ್ತೀನಿ. ಹಳೇ ಕಾಯ್ದೆಯಲ್ಲೂ, ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ. ಅಂದರೆ ಉಡುಗೊರೆ ಪಡೆದ ಮಾವನೂ ದೂರು ಕೊಡಬಹುದಿತ್ತು. ಎಲ್ಲಿ? ಎದುರು ಪಕ್ಷದವರು ಇರುವ ಅಥವಾ ವ್ಯವಹರಿಸುವ ಊರಲ್ಲಿ, ಇಲ್ಲವೇ ದೂರಿಗೆ ಕಾರಣ ಹುಟ್ಟಿದ ಊರಲ್ಲಿ. ನಾನು ವಕೀಲ ಮಿತ್ರರನ್ನು ಕೇಳಿದೆ. ಫೋನ್ ಕೊಂಡದ್ದು ಬೆಂಗಳೂರಲ್ಲಿ, ಮಡಿಕೇರಿಯಲ್ಲಿ ಹಾಕಿದರೆ ವ್ಯಾಪ್ತಿಯ ತಕರಾರು ತೆಗೀತಾರೆ, ಬೆಂಗಳೂರಲ್ಲೇ ಹಾಕಿ ಅಂದರು. ಬಿಲ್ಲು ನನ್ನ ಹತ್ತಿರವೇ ಇತ್ತು. ನಾನು ಹಾಕಲಿಲ್ಲ. ಟೈಮಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗ್ರಾಹಕರ ದಿನದಂದು ಸ್ಟುಡಿಯೋದಲ್ಲಿ ಗಂಟಲು ಹರಿಯುವಂತೆ ಮಾತಾಡಿದ್ದು ಇದೇ ಮನುಷ್ಯ.

2019ರ ಹೊಸ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರ 34ನೇ ಸೆಕ್ಷನ್ನಿನಲ್ಲಿ ಪುಟ್ಟದೊಂದು ಸೇರ್ಪಡೆ: ದೂರುದಾರ ವಾಸವಿರುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಬಹುದು. ನನ್ನ ಪ್ರಕಾರ ಇಡೀ ಕಾಯ್ದೆಯಲ್ಲಿ ಹಳ್ಳಿಯವನಿಗೆ ಸಿಕ್ಕ ದೊಡ್ಡ ಉಪಕಾರ ಇದೇ. ಶಿರಂಗಾಲದವರು ಎಲ್ಲಿ ಕೊಂಡಿದ್ದರೂ ಮಡಿಕೇರಿಯ ಜಿಲ್ಲಾ ಆಯೋಗ ಸಾಕು, ಬರಬೇಕಾದವರು ಕಂಪನಿಯವರು. 5 ಲಕ್ಷದವರೆಗೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು, ವಿಚಾರಣೆಗೆ ವಿಡಿಯೋದಲ್ಲೇ ಹಾಜರಾಗಲು ಕೋರಬಹುದು. ಬಿಲ್ಲು ಕೊಡದಿರುವುದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ (ಹೇಳಿಲ್ಲದಿದ್ದರೆ 30 ದಿನದೊಳಗೆ) ದೋಷವಿರುವ ಮಾಲು ವಾಪಸ್ ತಗೊಳ್ಳದಿರುವುದು, ಎರಡೂ ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆದಿದೆ. ದೂರಿಗೆ ಎರಡು ವರ್ಷದ ಗಡುವಿದೆ. ಮೊದಲು 1915ಕ್ಕೆ ಫೋನ್ ಮಾಡಿಯೂ ನೋಡಬಹುದು. ಕೆಟ್ಟ ಫೋನಿನಿಂದ ಹೇಗೆ ಮಾಡೋದು ಅಂತ ಮಾವ ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆ ಫೋನಿನ ಗಡುವು ಯಾವತ್ತೋ ಮುಗಿಯಿತು. ಆಮೇಲೆ ಮಾವ ತಾವೇ ಕುಶಾಲನಗರದಲ್ಲಿ ಇನ್ನೊಂದು ಕೊಂಡರು. ಅದರ ಬಿಲ್ಲನ್ನು ಪಹಣಿ, ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾರೆ. ನಾನು ಹೋದಾಗಲೆಲ್ಲ ತೆಗೆದು ತೋರಿಸ್ತಾರೆ.