ದೆಹಲಿ ಏಷ್ಯನ್ ಕ್ರೀಡಾಕೂಟ, 1982: ಸಾಮಾಜಿಕ ಮತ್ತು ಆರ್ಥಿಕ ಪರಿಣಾಮಗಳು

ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ 1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ದೆಹಲಿಯಲ್ಲಿ ನಡೆಯಿತು. 1951ರಲ್ಲಿ ಮೊಟ್ಟಮೊದಲ ಏಷ್ಯಾಡ್ ನಡೆದದ್ದೂ ಇದೇ ನಗರದಲ್ಲಿ. 33 ದೇಶಗಳು ಪಾಲ್ಗೊಂಡ ಈ ಕೂಟದಲ್ಲಿ ಭಾರತ 13 ಚಿನ್ನ ಸೇರಿ 57 ಪದಕ ಗೆದ್ದು ಐದನೆಯ ಸ್ಥಾನ ಪಡೆಯಿತು. ಆದರೆ ಕೂಟ ದೇಶದ ಬದುಕನ್ನು ಆಳವಾಗಿ ತಟ್ಟಿದ್ದು ಮೈದಾನದ ಹೊರಗೆ: ರಾಜಧಾನಿಯ ರಸ್ತೆಗಳಲ್ಲಿ, ಮನೆಗಳ ಪಡಸಾಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕೂಲಿಕಾರರ ಹಕ್ಕಿನ ವಿಚಾರದಲ್ಲಿ.

ಕೂಟಕ್ಕಾಗಿ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಇಂದ್ರಪ್ರಸ್ಥ ಒಳಾಂಗಣ ಕ್ರೀಡಾಂಗಣ, ತಾಲ್ಕಟೋರಾ ಈಜುಕೊಳ, ತುಘಲಕಾಬಾದಿನ ಶೂಟಿಂಗ್ ರೇಂಜ್ ಮತ್ತು ಹಲವು ಮೇಲ್ಸೇತುವೆಗಳು ಎದ್ದವು. ಸಿರಿ ಕೋಟೆಯ ಪಕ್ಕದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸಗೊಳಿಸಿದ ಏಷ್ಯಾಡ್ ಗ್ರಾಮ, ಕ್ರೀಡಾಪಟುಗಳು ಹೋದ ಮೇಲೆ ವಸತಿ ಬಡಾವಣೆಯಾಯಿತು. ಓಣಿ, ಅಂಗಳಗಳ ಹಳೆಯ ಪೇಟೆಗಳ ಮಾದರಿಯನ್ನು ಅನುಸರಿಸಿದ್ದರಿಂದ ಅದು ಇಂದಿಗೂ ವಾಸಯೋಗ್ಯವಾಗಿದೆ.

ಮನೆಮನೆಗೆ ತಲುಪಿದ ಬದಲಾವಣೆ ದೂರದರ್ಶನದ್ದು. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಹಾಗೂ ವರ್ಣ ಪ್ರಸಾರ ಶುರುವಾದವು; ಕೂಟವನ್ನು ಬಣ್ಣದಲ್ಲಿ ತೋರಿಸಬೇಕೆಂಬ ಆತುರ ಇದರ ಹಿಂದಿತ್ತು. ಕಲರ್ ಟಿ.ವಿ. ಆಮದಿನ ಮೇಲಿನ ಬಿಗಿ ಸಡಿಲವಾಯಿತು. ಬೆಂಗಳೂರು ಕೇಂದ್ರ 1981ರಲ್ಲಷ್ಟೇ ಆರಂಭವಾಗಿದ್ದುದನ್ನು ನೆನೆದರೆ ಈ ಜಿಗಿತದ ವೇಗ ತಿಳಿಯುತ್ತದೆ. ಮುಂದಿನ ಕೆಲವೇ ವರ್ಷಗಳಲ್ಲಿ ಮರುಪ್ರಸಾರ ಕೇಂದ್ರಗಳು ಸಣ್ಣ ಊರುಗಳಿಗೂ ಬಂದವು. ಜಾಹೀರಾತು, ಧಾರಾವಾಹಿಗಳ ಮಾರುಕಟ್ಟೆ ಬೆಳೆದದ್ದು ಈ ಜಾಲದ ಮೇಲೆಯೇ.

ಇಷ್ಟನ್ನೂ ಕಟ್ಟಿದವರು ಬೇರೆ ರಾಜ್ಯಗಳಿಂದ ಗುಳೆ ಬಂದ ಕಟ್ಟಡ ಕೂಲಿಗಳು. ಗುತ್ತಿಗೆದಾರರು ಜಮಾದಾರರೆಂಬ ಮೇಸ್ತ್ರಿಗಳ ಮೂಲಕ ಅವರನ್ನು ಕರೆತಂದಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದು ಜಮಾದಾರನ ಕೈದಾಟಿ ಬರುವಾಗ ಒಂದು ರೂಪಾಯಿ ಕಮಿಷನ್ ಮುರಿದು, ಕಾರ್ಮಿಕನಿಗೆ ಸಿಗುತ್ತಿದ್ದುದು 8 ರೂಪಾಯಿ 25 ಪೈಸೆ. ಹೆಂಗಸರಿಗೆ ಏಳೇ ರೂಪಾಯಿ ಕೊಡಲಾಗುತ್ತಿದೆ, ಹದಿನಾಲ್ಕು ತುಂಬದ ಮಕ್ಕಳನ್ನೂ ದುಡಿಸಲಾಗುತ್ತಿದೆ ಎಂಬ ದೂರುಗಳಿದ್ದವು. ಪ್ರಜಾಸತ್ತಾತ್ಮಕ ಹಕ್ಕುಗಳ ಜನತಾ ಒಕ್ಕೂಟವು ಮೂವರು ಸಮಾಜವಿಜ್ಞಾನಿಗಳಿಂದ ತನಿಖೆ ಮಾಡಿಸಿ, ಆ ವರದಿಯ ಆಧಾರದ ಮೇಲೆ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ಪತ್ರವೇ ರಿಟ್ ಅರ್ಜಿಯಾಯಿತು.

ಕೂಟಕ್ಕೆ ಎರಡು ತಿಂಗಳಿರುವಾಗ, 1982ರ ಸೆಪ್ಟೆಂಬರ್ 18ರಂದು ಬಂದ ತೀರ್ಪು ಭಾರತದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳ ಇತಿಹಾಸದಲ್ಲಿ ಬಹುಮುಖ್ಯವಾದುದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ಹೇಳಿತು. ಬೆನ್ನಿಗೆ ಚಾಟಿ ಬೀಳಬೇಕಿಲ್ಲ. ಹಸಿವು, ಬಡತನಗಳ ಒತ್ತಡವೂ ಬಲವಂತವೇ ಎಂಬ ಈ ವ್ಯಾಖ್ಯಾನ ಜೀತದ ಅರ್ಥವನ್ನೇ ಹಿಗ್ಗಿಸಿತು. ಕಟ್ಟಡ ಕೆಲಸ ಅಪಾಯಕಾರಿಯಾದ್ದರಿಂದ ಹದಿನಾಲ್ಕು ವರ್ಷದೊಳಗಿನವರನ್ನು ಅಲ್ಲಿ ನೇಮಿಸುವುದು 24ನೆಯ ವಿಧಿಗೆ ವಿರುದ್ಧ ಎಂದಿತು. ಕೂಲಿಗಳು ಗುತ್ತಿಗೆದಾರನ ಆಳುಗಳೆಂಬ ನೆಪದಲ್ಲಿ ಸರ್ಕಾರ ಜವಾಬ್ದಾರಿಯಿಂದ ನುಣುಚಿಕೊಳ್ಳುವಂತಿಲ್ಲ ಎಂದೂ ಸ್ಪಷ್ಟಪಡಿಸಿತು. ಕೂಟದ ಅತ್ಯಂತ ಬೆಲೆಬಾಳುವ ಉಳಿಕೆ ಇದೇ ಎನ್ನಬೇಕು. ಕ್ರೀಡಾಂಗಣಗಳನ್ನು ಮತ್ತೆ ಕಟ್ಟಬೇಕಾಯಿತು, ಟಿ.ವಿ. ತಂತ್ರಜ್ಞಾನ ಹಳತಾಯಿತು, ಈ ತೀರ್ಪು ಮಾತ್ರ ಕೂಲಿ ವಂಚನೆಯ ಪ್ರಕರಣಗಳಲ್ಲಿ ಈಗಲೂ ಆಧಾರವಾಗಿದೆ.

ಹಾಗೆಂದು ತೀರ್ಪು ಕಾಮಗಾರಿಯ ಸ್ಥಳಗಳಲ್ಲಿ ತಾನಾಗಿ ಜಾರಿಯಾಗಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ದೆಹಲಿಗೆ ಬಂದಾಗ ನೆಹರೂ ಕ್ರೀಡಾಂಗಣವನ್ನು ಭಾರಿ ವೆಚ್ಚದಲ್ಲಿ ಮರುರೂಪಿಸಲಾಯಿತು. ಮೆಟ್ರೊ ವಿಸ್ತರಣೆ, ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ನಗರಕ್ಕೆ ದಕ್ಕಿದವು. ಖರ್ಚಿನ ಅವ್ಯವಹಾರಗಳನ್ನು ಮಹಾಲೇಖಪಾಲರ 2011ರ ವರದಿ ಬಯಲಿಗೆಳೆಯಿತು. ಕಾರ್ಮಿಕರ ಸ್ಥಿತಿಗತಿ ನೋಡಲು ದೆಹಲಿ ಹೈಕೋರ್ಟ್ ನೇಮಿಸಿದ್ದ ಸಮಿತಿಯು ಕೂಟಕ್ಕೂ ಮುನ್ನವೇ, 2010ರ ಮಾರ್ಚ್‌ನಲ್ಲಿ, ವರದಿ ಕೊಟ್ಟಿತ್ತು. ಕನಿಷ್ಠ ಕೂಲಿ ಸಿಗದಿರುವುದು, ಸುರಕ್ಷತೆಯ ಕೊರತೆ, ವಾಸದ ದುಃಸ್ಥಿತಿ ಅದರಲ್ಲಿ ಮತ್ತೆ ದಾಖಲಾದವು.