ಗೊಬ್ಬರದ ಜಗಳದಲ್ಲಿ ಕಳೆದುಹೋದ ಪ್ರಶ್ನೆ

ಸಾವಯವವೋ ರಾಸಾಯನಿಕವೋ ಎಂಬ ಜಗಳ ಈಗ ಎಷ್ಟು ಜೋರಾಗಿದೆಯೆಂದರೆ, ಭತ್ತದ ಗದ್ದೆಯ ಮಟ್ಟಿಗೆ ಅದು ಬಹುಪಾಲು ತೀರ್ಮಾನವಾದ ವಿಷಯವೆಂಬುದೇ ಮರೆತುಹೋಗಿದೆ. ಹಸಿರು ಕ್ರಾಂತಿಯವರೆಗೆ ರೈತ ಬರೀ ಸೊಪ್ಪು-ಸಗಣಿಯಲ್ಲಿ ಬೆಳೆಯುತ್ತಿದ್ದ, ಆಮೇಲೆ ಮಣ್ಣಿಗೆ ವಿಷ ಬಿತ್ತು ಎಂಬ ಕಥೆಗೆ ಸಭೆಗಳಲ್ಲಿ ಚಪ್ಪಾಳೆ ಸಿಗುತ್ತದೆ. ಚರಿತ್ರೆ ಹಾಗಿಲ್ಲ. ಮದ್ರಾಸಿಗೆ ಪಶ್ಚಿಮದ ರಾಣಿಪೇಟೆಯಲ್ಲಿ ಪ್ಯಾರಿ ಕಂಪನಿ 1906ರಲ್ಲೇ ಸೂಪರ್ ಫಾಸ್ಫೇಟ್ ಕಾರ್ಖಾನೆ ತೆರೆದಿತ್ತು. ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ 1930ರ ದಶಕದ ಕೊನೆಗೆ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. ಇನ್ನು ಸೊಪ್ಪು ಪುಕ್ಕಟೆಯಾಗಿ ಬರುತ್ತಿತ್ತೆಂಬುದೂ ಭ್ರಮೆ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ವರ್ಗ ಜಮೀನಿನ, ಅಂದರೆ ರೈತನ ಹೆಸರಿನ ಹಿಡುವಳಿಯ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯ ಸೊಪ್ಪು-ಸೌದೆಗೆ ಕುಮ್ಕಿ ಸವಲತ್ತು ಇದ್ದದ್ದೇ ಗದ್ದೆಯ ಬೆನ್ನಿಗೆ ಕಾಡು ಬೇಕೆಂಬ ಕಾರಣಕ್ಕೆ. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಗೊಬ್ಬರದ ಸಂಶೋಧನೆಯ ಮೊದಲ ಹಂತವನ್ನು ಬೇಗ ದಾಟಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದಿದ್ದ ಗೋಧಿ ಪ್ರಯೋಗದ ಮಾದರಿಯಲ್ಲಿ, ಸೈದಾಪೇಟೆಯ ಕೃಷಿ ಶಾಲೆ ಕೊಯಮತ್ತೂರಿಗೆ ಹೋದ ಕೆಲವೇ ವರ್ಷಗಳಲ್ಲಿ, 1909ರಲ್ಲಿ ಅಲ್ಲಿ ಶಾಶ್ವತ ಗೊಬ್ಬರ ಪ್ರಯೋಗ ಶುರುವಾಯಿತು. ಅಲ್ಲಿನ ಧಾನ್ಯವನ್ನು ಪರೀಕ್ಷಿಸಿ ವಿಜ್ಞಾನಿಗಳಾದ ಮೆಕ್‌ಕ್ಯಾರಿಸನ್ ಮತ್ತು ಬಿ. ವಿಶ್ವನಾಥ್ 1926ರಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದದ್ದಕ್ಕೆ ಪೋಷಕ ಗುಣ ಹೆಚ್ಚೆಂದು ವರದಿ ಮಾಡಿದರು. ಸಾವಯವ ಪಕ್ಷದವರು ಇಂದಿಗೂ ಎತ್ತಿ ತೋರಿಸುವ ಆ ವರದಿ ಗುಣದ ಪ್ರಶ್ನೆಗೆ ಉತ್ತರವೇ ಹೊರತು ಇಳುವರಿಯ ಪ್ರಶ್ನೆಗಲ್ಲ. ಆಲ್ಬರ್ಟ್ ಹೊವರ್ಡ್ ಇಂದೋರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನ ಜಗತ್ತಿಗೆಲ್ಲ ಗೊತ್ತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ ವಿಧಾನ ಮಾತ್ರ ಪಠ್ಯಪುಸ್ತಕದ ಒಂದು ಪ್ಯಾರಾಕ್ಕೆ ಇಳಿದಿದೆ. ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಕೊಳೆಯಬಿಡುವ ಆ ಕ್ರಮ ಪೇಟೆ-ಪಟ್ಟಣಗಳಿಗಾಗಿಯೇ ಹುಟ್ಟಿದ್ದು. ಈ ಕ್ಷೇತ್ರದಲ್ಲಿ ಇಷ್ಟು ಅನ್ಯಾಯಕ್ಕೊಳಗಾದ ಕೆಲಸ ಇನ್ನೊಂದಿಲ್ಲ.

ನಿಜವಾದ ವಿಜ್ಞಾನ ಬೆಳೆದದ್ದು ಆಮೇಲೆ, ನಮ್ಮ ತಲೆಮಾರಿನಲ್ಲಿ. 1960ರಲ್ಲಿ ತಂಜಾವೂರು ಸಾಂದ್ರ ಕೃಷಿಯ ಪ್ಯಾಕೇಜ್ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲೊಂದಾಯಿತು. ಎಡಿಟಿ 27, ಅದರ ಬೆನ್ನಿಗೆ ಐಆರ್ 8 ತಳಿಗಳು ಬಂದವು. 1971ರಲ್ಲಿ ಮದ್ರಾಸಿನ ಮಣಲಿಯಲ್ಲಿ ಗೊಬ್ಬರದ ಕಾರ್ಖಾನೆ ಕೆಲಸ ಆರಂಭಿಸಿತು. ಮಣ್ಣಿನ ಫಲವತ್ತತೆ ಕಾಯದೆ ಬೆಳೆಯನ್ನಷ್ಟೇ ಹೆಚ್ಚಿಸಿದರೆ ನೆಲ ಬರಡಾದೀತೆಂದು ಎಂ.ಎಸ್. ಸ್ವಾಮಿನಾಥನ್ 1968ರ ಜನವರಿಯಲ್ಲೇ ವಾರಾಣಸಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಎಚ್ಚರಿಸಿದ್ದರು. 1970ರಲ್ಲಿ ದೇಶದ ಹಲವು ಕೇಂದ್ರಗಳಲ್ಲಿ ಶುರುವಾದ ದೀರ್ಘಾವಧಿ ಗೊಬ್ಬರ ಪ್ರಯೋಗಗಳು ಆ ಎಚ್ಚರಿಕೆಗೆ ಲೆಕ್ಕ ಕೊಟ್ಟವು. ಬರೀ ಸಾರಜನಕ ಉಂಡ ತಾಕುಗಳಲ್ಲಿ ಇಳುವರಿ ಕುಸಿಯಿತು. ಬೆಂಗಳೂರಿನ ಕೆಂಪು ಮಣ್ಣು ಹುಳಿಯಾಗಿ ರಾಗಿಯ ಬೆಳೆಯೇ ಸೊರಗಿತು. ಮುಖ್ಯ ಪೋಷಕಾಂಶಗಳಷ್ಟೇ ಸಾಲವೆಂಬ ಸುಳಿವು ಮೊದಲೇ ಸಿಕ್ಕಿತ್ತು: ಪಂತನಗರದ ಭತ್ತ-ಗೋಧಿ ಸೀಮೆಯಲ್ಲಿ ಭತ್ತಕ್ಕೆ ತಗಲುತ್ತಿದ್ದ ಖೈರಾ ರೋಗಕ್ಕೆ ಸತುವಿನ ಕೊರತೆ ಕಾರಣವೆಂದು ವೈ.ಎಲ್. ನೆನೆ 1966ರಲ್ಲೇ ಗುರುತಿಸಿದ್ದರು. ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಜೊತೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಬಹುತೇಕ ಎಲ್ಲ ಕಡೆ ಮುಂದಿದ್ದವು. ಆದರೆ ಈ ಪುರಾವೆಯಲ್ಲೊಂದು ಬಿರುಕಿದೆ. ಅಲ್ಲಿ ಗೊಬ್ಬರ ಹಾಕಿದ್ದು ಪೂರ್ತಿ ರಾಸಾಯನಿಕದ ಬದಲಿಗಲ್ಲ, ಅದರ ಮೇಲೆ. 10 ಟನ್ ಕೊಟ್ಟಿಗೆ ಗೊಬ್ಬರವೆಂದರೆ ಸುಮಾರು 50 ಕೆಜಿ ಹೆಚ್ಚುವರಿ ಸಾರಜನಕ. ಲಾಭ ಬಂದದ್ದು ಮಣ್ಣಿನ ಗುಣ ಸುಧಾರಿಸಿದ್ದರಿಂದಲೋ ಉಣಿಸು ಜಾಸ್ತಿಯಾದದ್ದರಿಂದಲೋ ಬೇರ್ಪಡಿಸಲಾಗದು. ಆದ್ದರಿಂದಲೇ 1983-84ರಲ್ಲಿ ಆರಂಭವಾದ ಬದಲಿ ಪ್ರಯೋಗಗಳಿಗೆ ನನ್ನ ಮಟ್ಟಿಗೆ ತೂಕ ಹೆಚ್ಚು. ಮುಂಗಾರಿನ ಭತ್ತಕ್ಕೆ ಕೊಡುವ ಸಾರಜನಕದ ಕಾಲುಭಾಗ ಅಥವಾ ಅರ್ಧವನ್ನು ಅವು ಕೊಟ್ಟಿಗೆ ಗೊಬ್ಬರ, ಗೋಧಿ ಹುಲ್ಲು ಇಲ್ಲವೆ ಹಸಿರೆಲೆಯಿಂದ ತುಂಬಿದವು. ಡಯಾಂಚದಂಥ ಹಸಿರೆಲೆ ಅರ್ಧದಷ್ಟನ್ನು ತುಂಬಿದರೂ ಇಳುವರಿ ಸಾಮಾನ್ಯವಾಗಿ ತಗ್ಗಲಿಲ್ಲ. ಕೊಳೆಸದ ಗೋಧಿ ಹುಲ್ಲು ಮಾತ್ರ ಮೊದಲ ವರ್ಷಗಳಲ್ಲಿ ಹಿಂದೆ ಬಿತ್ತು. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾದರೆ ಪೂರ್ತಿ ಸಾವಯವಕ್ಕೇ ಏಕೆ ಹೋಗಬಾರದು ಎನ್ನುವವರಿದ್ದಾರೆ. ಅವರು ಒಂದು ಎಕರೆಗೆ ಹೇಳುವ 200 ಲೀಟರ್ ಜೀವಾಮೃತದಲ್ಲಿ 10 ಕೆಜಿ ಸಗಣಿ, 10 ಲೀಟರ್ ಗಂಜಲ, ಸ್ವಲ್ಪ ಬೆಲ್ಲ, ದ್ವಿದಳ ಹಿಟ್ಟು ಇರುತ್ತವೆ. ಎಲ್ಲ ಸೇರಿ ಅರ್ಧ ಕೆಜಿ ಸಾರಜನಕವೂ ಆಗದು. ಒಂದು ಟನ್ ಭತ್ತಕ್ಕೆ ಬೆಳೆ ಹೀರುವುದು 15ರಿಂದ 20 ಕೆಜಿ. ಜೀವಾಮೃತ ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸುತ್ತದೆ ಎಂಬ ಉತ್ತರ ಬರುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಪಾಚಿ, ಅಜೋಲಾಗಳು ಗಾಳಿಯ ಸಾರಜನಕ ಹಿಡಿಯುವುದು ನಿಜ. ಆದರೆ ರಂಜಕ, ಪೊಟ್ಯಾಷ್ ಗಾಳಿಯಲ್ಲಿಲ್ಲ. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಅದೇ ನವೆಂಬರ್‌ನಲ್ಲಿ ಹಿಂದೆಗೆಯಬೇಕಾಯಿತು. ಅಷ್ಟರಲ್ಲಿ ಭತ್ತದ ರೈತ ನೆಲಕಚ್ಚಿದ್ದ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ: ನೀರು ನಿಂತ ಗದ್ದೆಗೆ ಹಸಿ ಸಾವಯವ ಹಾಕಿದರೆ ಮೀಥೇನ್ ಏರುತ್ತದೆ. ಆದರೆ ಇದು ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಗದ್ದೆಯನ್ನು ನಡುನಡುವೆ ಒಣಗಿಸಿ ನೀರು ಕಟ್ಟಬೇಕೆಂಬುದಕ್ಕೆ ಕಾರಣವೇ ಹೊರತು ಗೊಬ್ಬರವನ್ನೇ ಬಿಡುವುದಕ್ಕಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಗದ್ದೆಯಲ್ಲಿ ಬಳಕೆ ಏಕಿಲ್ಲ? ರೈತನಿಗೆ ತಿಳಿವಳಿಕೆಯಿಲ್ಲ ಎಂಬ ಸುಲಭದ ಮಾತನ್ನು ನಾನು ಒಪ್ಪಲಾರೆ. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ 20 ಕೆಜಿಗೂ ಮಿಕ್ಕ ಸಾರಜನಕವಿದೆ, ಬೆಲೆ 270 ರೂಪಾಯಿಯೊಳಗೆ. ಅಷ್ಟೇ ಸಾರಜನಕಕ್ಕೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹೇರಬೇಕು, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಹೊರಗಿಟ್ಟದ್ದು ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು, ಜೊತೆಗೆ ಸಗಣಿಯೂ. ಕಾವೇರಿ ಮುಖಜಭೂಮಿಯ ಹುಲ್ಲು ಸುರುಳಿ ಕಟ್ಟಿಸಿಕೊಂಡು ಲಾರಿ ಹತ್ತುತ್ತದೆ. ಬಾಯಿಮಾತಿನ ಗೇಣಿಗೆ ಉಳುವವನು, ಬರುವ ವರ್ಷ ಯಾರ ಪಾಲಾಗುವುದೋ ತಿಳಿಯದ ನೆಲಕ್ಕೆ ಡಯಾಂಚ ಬಿತ್ತಿ ಐವತ್ತು ದಿನ ಕಾಯಲಾರ. ಪ್ರಯೋಗ ಕೇಂದ್ರಗಳು ಮಾತ್ರ ತಮ್ಮ ಕೊಟ್ಟಿಗೆಯಿಂದ ಗೊಬ್ಬರ ತಂದು, ಅದು ಎಲ್ಲಿಂದ ಬಂತೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಶಿಫಾರಸು ಬರೆದವು. ಕುಮ್ಕಿಯ ಕಾಲದವರು ಆ ಲೆಕ್ಕ ಬಲ್ಲವರಾಗಿದ್ದರು.

ಗದ್ದೆಯಿಂದ ಹೊರಟ ರಂಜಕ, ಪೊಟ್ಯಾಷ್‌ಗಳ ದೊಡ್ಡ ಪಾಲು ಈಗ ನಗರಕ್ಕೆ ಬರುತ್ತದೆ. ಚೆನ್ನೈ ಉಂಡ ಅಕ್ಕಿಯ, ಕೊಯಂಬೇಡು ಮಾರುಕಟ್ಟೆಯ ತರಕಾರಿಯ ಸಾರ ದಶಕಗಳ ಕಾಲ ಕೊಡುಂಗೈಯೂರು, ಪೆರುಂಗುಡಿ ಕಸದ ರಾಶಿಗಳಲ್ಲಿ ಹೂತುಹೋಯಿತು. ಬೆರೆತ ಕಸದ ಕಾಂಪೋಸ್ಟಿನಲ್ಲಿ ಗಾಜು, ಪ್ಲಾಸ್ಟಿಕ್, ಸೀಸ ಇರುತ್ತವೆಂಬ ರೈತನ ಸಂಶಯ ನ್ಯಾಯವಾದದ್ದೇ. ಮನೆಯಲ್ಲೇ ಹಸಿ ಕಸ ಬೇರ್ಪಡದೆ ಅದು ನೀಗದು. ಆದರೆ ಬೇರ್ಪಟ್ಟ ಮಾರುಕಟ್ಟೆ ಕಸದಿಂದ ಆಚಾರ್ಯರ ದಾರಿಯಲ್ಲಿ ತಯಾರಾದ ಗೊಬ್ಬರವನ್ನು ಯೂರಿಯಾದ ಅರ್ಧಪಾಲಿಗೆ ಬದಲಿಯಾಗಿಟ್ಟು, ತಿರುವಳ್ಳೂರು ಜಿಲ್ಲೆಯ ತಿರೂರು ಭತ್ತ ಸಂಶೋಧನಾ ಕೇಂದ್ರದಲ್ಲೂ ಸುತ್ತಲ ರೈತರ ಗದ್ದೆಗಳಲ್ಲೂ ಹತ್ತು ವರ್ಷ ಬಿಡದೆ ನಡೆಸುವ ಪ್ರಯೋಗ ಬೇಕು. ಸಾಗಣೆಯ ಖರ್ಚು, ಕೂಲಿ, ಮಣ್ಣಿನಲ್ಲಿ ಸೇರುವ ಲೋಹ ಇವೆಲ್ಲ ಇಳುವರಿಯ ಪಕ್ಕದಲ್ಲೇ ಅದರ ಲೆಕ್ಕದಲ್ಲಿ ಬರಬೇಕು. ಯೂರಿಯಾಕ್ಕೆ ಸಿಗುವ ಸಬ್ಸಿಡಿಯ ಒಂದು ಸಣ್ಣ ಪಾಲು ಇದಕ್ಕೆ ಸಾಕು.