ಡಂಗುರದಿಂದ ಪರದೆಗೆ: ಬಿಜಾಪುರ ಸೀಮೆಯಲ್ಲಿ ಸಾಲದ ಮನೆಗಳ ಹರಾಜು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿರಿಯರ ಬಾಯಲ್ಲಿ ಹರಾಜಿಗೆ ‘ಲಿಲಾವು’ ಎಂಬ ಹೆಸರಿದೆ. ಪೋರ್ತುಗೀಜರ ಮಾತೊಂದು ಮರಾಠಿಯ ದಾರಿಯಾಗಿ ಈ ಸೀಮೆಯನ್ನು ಹೊಕ್ಕದ್ದರ ಗುರುತದು. ‘ಹರಾಜು’ ಎಂಬುದು ಅರಬ್ಬಿ ಮೂಲದ್ದು. ಬಸದಿಯ ಪಂಚಕಲ್ಯಾಣದಲ್ಲಿ ಅಭಿಷೇಕದ ಕಲಶಕ್ಕೆ ಕೂಗುವ ‘ಸವಾಲು’ ಬೇರೆಯೇ ಜಾತಿಯದು. ಅಲ್ಲಿ ಹೆಚ್ಚು ಕೂಗಿದವನು ಹೆಚ್ಚು ಕೊಡುವವನು. ಅಗ್ಗಕ್ಕೆ ದೊರೆಯಲೆಂದು ಅಲ್ಲಿ ಯಾರೂ ಕಾದು ಕೂಡುವುದಿಲ್ಲ. ಸಾಲಕ್ಕಾಗಿ ಒಬ್ಬನ ವಾಸದ ಮನೆಯನ್ನು ಸರಕಾರದ ಅಧಿಕಾರದಿಂದ ಕೂಗಿ ಮಾರುವ ಪದ್ಧತಿಯನ್ನು ಇಲ್ಲಿ ಬೇರೂರಿಸಿದವು ಆಂಗ್ಲರ ದಿವಾಣಿ ನ್ಯಾಯಾಲಯಗಳು.

1859ರಲ್ಲಿ ಮೊದಲ ದಿವಾಣಿ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದಿತು. ಸಾಲ ಕೊಟ್ಟವನು ಡಿಕ್ರಿ ಪಡೆದು ಸಾಲಗಾರನ ಹೊಲಮನೆಗಳನ್ನು ಮಾರಿಸುವುದು ಸುಲಭವಾಯಿತು. ಎದುರು ಕೂಗುವವರಿಲ್ಲದ ಕಡೆ ಡಿಕ್ರಿದಾರನೇ ಅತ್ಯಲ್ಪ ಬೆಲೆಗೆ ಕೊಂಡುಬಿಡುತ್ತಿದ್ದನು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಂಗೆ ಅಹಮದನಗರದವರೆಗೂ ಹಬ್ಬಿತು. ಆ ಸಾಹುಕಾರರಲ್ಲಿ ಹೆಚ್ಚಿನವರು ಮಾರವಾಡ, ಗುಜರಾತಗಳಿಂದ ಬಂದವರು, ಅವರಲ್ಲಿ ಜೈನರೂ ಇದ್ದರು ಎಂಬುದನ್ನು ಮರೆಮಾಚಿ ಈ ಇತಿಹಾಸವನ್ನು ಬರೆಯಲಾಗದು. ವಿಚಾರಣಾ ಆಯೋಗವು ನೇಮಕವಾಗಿ, 1879ರಲ್ಲಿ ದಖ್ಖನದ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ವಿಶೇಷವಾಗಿ ಅಡವು ಮಾಡದ ಹೊರತು ಕೃಷಿಕನ ಸ್ಥಿರಾಸ್ತಿಯನ್ನು ಡಿಕ್ರಿಗಾಗಿ ಜಪ್ತಿ ಮಾಡಿ ಮಾರಬಾರದೆಂದು ಅದು ವಿಧಿಸಿತು. ಆದರೆ ಮೊದಲಿಗೆ ಅದು ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕೇ ಜಿಲ್ಲೆಗಳಿಗೆ. ಭೀಮೆಯ ಆಚೆಯ ದಂಡೆಯ ರೈತನಿಗೆ ದೊರೆತ ಆಶ್ರಯ ಈಚೆಯ ಇಂಡಿಯ ರೈತನಿಗೆ ಆಗ ದೊರೆಯಲಿಲ್ಲ.

ಅದೂ ಎಂತಹ ಕಾಲದಲ್ಲಿ! ಧಾತು, ಈಶ್ವರ ಸಂವತ್ಸರಗಳ ಬರ ಆಗ ತಾನೇ ಮುಗಿದಿತ್ತು. ಈ ನಾಲ್ಕು ತಾಲ್ಲೂಕುಗಳನ್ನೊಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಿಂದ 1881ರೊಳಗೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಊರಿಗೆ ಊರೇ ಮಾರುವವರಾದಾಗ ಕೈಯಲ್ಲಿ ಹಣವಿದ್ದ ಒಬ್ಬಿಬ್ಬರು ಹೇಳಿದ್ದೇ ಬೆಲೆ. ಹರಾಜಿನ ಮನೆ ಅಗ್ಗವೆಂಬ ನಂಬಿಕೆಯ ಬೇರು ಇಲ್ಲಿದೆ. ಆ ಅಗ್ಗಕ್ಕೆ ಮನೆಯ ದೋಷ ಕಾರಣವಲ್ಲ, ಮಾರುವವನ ಗತಿಗೇಡು ಕಾರಣ.

1908ರ ದಿವಾಣಿ ಸಂಹಿತೆ ಈ ವ್ಯವಹಾರಕ್ಕೆ ಹಲವು ಅಂಕುಶಗಳನ್ನು ಹಾಕಿತು. ನ್ಯಾಯಾಲಯದ ಅಪ್ಪಣೆಯಿಲ್ಲದೆ ಡಿಕ್ರಿದಾರನು ಕೂಗುವಂತಿಲ್ಲ. ಕೃಷಿಕನು ತಾನೇ ವಾಸಿಸುವ ಮನೆಯನ್ನು ಸಾಮಾನ್ಯ ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ಅಡವಿಟ್ಟ ಮನೆಗೆ ಮಾತ್ರ ಈ ರಕ್ಷಣೆ ಇಲ್ಲ. ಕೊಂಡವನು ಕಾಲು ಭಾಗವನ್ನು ಒಡನೆಯೇ, ಉಳಿದುದನ್ನು 15 ದಿನಗಳೊಳಗೆ ಕಟ್ಟಬೇಕು. ಸವಾಲು ಮುಗಿದ ಮೇಲೂ ಸಾಲಗಾರನು ಗೊತ್ತಾದ ಅವಧಿಯೊಳಗೆ ಸಾಲದ ಹಣವನ್ನೂ ಕೊಂಡವನಿಗೆ ಖರೀದಿ ಬೆಲೆಯ ಶೇಕಡಾ 5ನ್ನೂ ಕಟ್ಟಿದರೆ ಮಾರಾಟ ರದ್ದಾಗುತ್ತದೆ. ಡಂಗುರ ಸಾರುವುದೂ ಆ ಸಂಹಿತೆಯ ವಿಧಿಗಳಲ್ಲಿ ಒಂದು. ಅದರಿಂದ ಸಾಲಗಾರನಿಗೆ ಆಗುತ್ತಿದ್ದ ಅಪಮಾನ ಸಣ್ಣದಲ್ಲ. ಆದರೂ ಅದನ್ನು ಕೇಳಿ ಬಂದು ನಿಂತವರಿಗೆ ಆ ಮನೆಯ ಒಳಹೊರಗು ತಿಳಿದಿರುತ್ತಿತ್ತು. ನಡುಗೋಡೆ ಎರಡು ಮನೆಗಳಿಗೆ ಸೇರಿದ್ದು, ಹಿತ್ತಿಲಿನ ಬಾವಿಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಹಕ್ಕು, ಪಡಸಾಲೆಯ ಬದಿಯ ಕೋಣೆ ವಿಧವೆ ಅತ್ತಿಗೆಗೆ ಬಿಟ್ಟದ್ದು: ಇವೆಲ್ಲ ಯಾವ ಕಾಗದವನ್ನೂ ನೋಡದೆ ಓಣಿಯವರಿಗೆ ಗೊತ್ತಿದ್ದ ಸಂಗತಿಗಳು.

2002ರಲ್ಲಿ ‘ಸರ್ಫೇಸಿ’ ಎಂದು ರೂಢಿಯಲ್ಲಿರುವ ಕಾಯ್ದೆ ಬಂದ ಮೇಲೆ ಬ್ಯಾಂಕುಗಳು ನ್ಯಾಯಾಲಯದ ಮೆಟ್ಟಿಲೇರದೆಯೇ ಅಡವಿನ ಮನೆಯನ್ನು ವಶಪಡಿಸಿಕೊಂಡು ಮಾರುವಂತಾಯಿತು. 2003ರ ಅಧಿಸೂಚನೆ ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವನ್ನು ಕೊಟ್ಟಿತು. ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಮುರಗೂಡದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರಲ್ಲಿ ಅದನ್ನು ಎತ್ತಿಹಿಡಿಯಿತು. ಸರಕಾರಿ ಬ್ಯಾಂಕುಗಳ ಅಡವಿನ ಆಸ್ತಿಗಳ ಮಾಹಿತಿಗಾಗಿ 2019ರ ಡಿಸೆಂಬರಿನಲ್ಲಿ ಒಂದು ಸಾಮಾನ್ಯ ಜಾಲತಾಣ ಆರಂಭವಾಯಿತು; 2025ರ ಜನವರಿಯಲ್ಲಿ ಅದು ‘ಬ್ಯಾಂಕ್‌ನೆಟ್’ ಎಂಬ ಹೊಸ ರೂಪವನ್ನು ತಾಳಿತು. ತಾಳಿಕೋಟೆಯ ಒಂದು ಮನೆಗೆ ಬೆಂಗಳೂರಿನಲ್ಲಿ ಕುಳಿತವನು ಪರದೆಯ ಮೇಲೆಯೇ ಬೆಲೆ ಏರಿಸಬಹುದು. ಕೂಗುವವರ ವಲಯ ಹಿಗ್ಗಿದ್ದರಿಂದ ಬೆಲೆ ಬರುವ ಸಂಭವ ಹೆಚ್ಚಿತು, ಅದು ಸಾಲಗಾರನಿಗೂ ಹಿತವೇ. ಆದರೆ ಓಣಿಯ ತಿಳಿವಳಿಕೆ ಪರದೆಯ ಮೇಲೆ ಬರಲಿಲ್ಲ.

ಅದರ ಬದಲಿಗೆ ಬಂದುದು ಪ್ರಕಟಣೆಯ ಕೊನೆಯ ಸಾಲು: ಆಸ್ತಿಯನ್ನು ‘ಇದ್ದಲ್ಲಿ ಇದ್ದಂತೆ, ಏನಿದೆಯೋ ಅದರಂತೆ’ ಮಾರಲಾಗುವುದು. ಗೋಡೆಯ ಬಿರುಕಿಗೆ ಮಾತ್ರ ಸಂಬಂಧಿಸಿದ ಮಾತಲ್ಲ ಇದು. ಪುರಸಭೆಯ ತೆರಿಗೆ ಬಾಕಿ, ಉತಾರದಲ್ಲಿರುವ ಅಳತೆಗೂ ನೆಲದ ಮೇಲಿನ ಅಳತೆಗೂ ಇರುವ ವ್ಯತ್ಯಾಸ, ಹಳೆಯ ಬಾಡಿಗೆದಾರ ಇವೆಲ್ಲ ಕೊಂಡವನ ತಲೆಗೆ ಬರಬಹುದು. ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕನ ವಿದ್ಯುತ್ ಬಾಕಿಯನ್ನೂ ಹರಾಜಿನಲ್ಲಿ ಕೊಂಡವನಿಂದ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಿದೆ.

ಅದಕ್ಕೂ ದೊಡ್ಡದು ಸ್ವಾಧೀನದ ಪ್ರಶ್ನೆ. ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಬಾಗಿಲಿಗೆ ನೋಟೀಸು ಅಂಟಿಸಲಾಗಿದೆ, ಒಳಗೆ ಸಂಸಾರ ಹಾಗೆಯೇ ಇದೆ ಎಂದರ್ಥ. ಅವರನ್ನು ಎಬ್ಬಿಸಲು ಜಿಲ್ಲಾ ದಂಡಾಧಿಕಾರಿಯ ಆದೇಶ ಬೇಕು. ಸಾಲಗಾರನು ಸಾಲ ವಸೂಲಿ ನ್ಯಾಯಮಂಡಳಿಗೆ ಹೋದರೆ ಅದು ಇರುವುದು ಬೆಂಗಳೂರಿನಲ್ಲಿ, ವಿಜಯಪುರದಿಂದ ಐನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ. ಪಿತ್ರಾರ್ಜಿತ ಮನೆಯನ್ನು ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಅಡವಿಟ್ಟಿದ್ದರೆ ತೊಡಕು ಇನ್ನೂ ಹೆಚ್ಚು. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ. ತಂಗಿಯೊಬ್ಬಳು ಪಾಲಿನ ದಾವೆ ಹೂಡಿದರೆ ಹರಾಜಿನಲ್ಲಿ ಕೊಂಡವನೂ ಅದರಲ್ಲಿ ಪ್ರತಿವಾದಿಯಾಗುತ್ತಾನೆ. ಇಂಡಿಯ ನಿಂಬೆ ತೋಟಗಳ ನಡುವಿನ ವಸ್ತಿ ಮನೆಗಳದು ಇನ್ನೊಂದು ಕಥೆ. ಕೃಷಿ ಜಮೀನಿನ ಮೇಲಿನ ಅಡವಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಆ ನೆಲ ನಿಜಕ್ಕೂ ಸಾಗುವಳಿಯಲ್ಲಿದೆಯೆಂದು ಸಿದ್ಧವಾದರೆ ಮಾರಾಟವೇ ಅಲುಗುತ್ತದೆ.

ಇಷ್ಟೆಲ್ಲವನ್ನು ಪರಿಶೀಲಿಸುವಷ್ಟು ಬಿಡುವು ಕೂಗಿ ಗೆದ್ದವನಿಗೆ ಇರುವುದಿಲ್ಲ. ಕಾಲು ಭಾಗವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ, ಉಳಿದುದನ್ನು 15 ದಿನಗಳಲ್ಲಿ ಕಟ್ಟಬೇಕು. ಬ್ಯಾಂಕು ಒಪ್ಪಿದರೂ 3 ತಿಂಗಳಿಗೆ ಮಿಗುವಂತಿಲ್ಲ. 20 ಲಕ್ಷಕ್ಕೆ ಗೆದ್ದವನು 5 ಲಕ್ಷ ಕಟ್ಟಿ ಉಳಿದ 15 ಲಕ್ಷ ಹೊಂದಿಸಲಾರದೆ ಹೋದರೆ ಆ 5 ಲಕ್ಷವೂ ಮುಟ್ಟುಗೋಲಾಗುತ್ತದೆ. ಬ್ಯಾಂಕಿಗೆ ಅಷ್ಟು ನಷ್ಟವಾಗಿಲ್ಲವೆಂಬ ವಾದವೂ ನಡೆಯದೆಂದು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಬಸದಿಯ ನಿಧಿಯನ್ನೋ ಮಗಳ ಮದುವೆಯ ಹಣವನ್ನೋ ಇಂತಹ ಕೂಗಿಗೆ ತೊಡಗಿಸುವವರು ಮೊದಲು ನೋಡಬೇಕಾದದ್ದು ಮನೆಯ ಛಾಯಾಚಿತ್ರವನ್ನಲ್ಲ, ಈ ಗಡುವುಗಳನ್ನು.

ಅಗ್ಗವಾಗಿ ದೊರೆತ ಮನೆಯ ಲೆಕ್ಕಕ್ಕೆ ಮತ್ತೊಂದು ಮಗ್ಗುಲಿದೆ. ಸಾಲ ತೀರಿ ಮಿಕ್ಕ ಹಣ ಸಾಲಗಾರನಿಗೆ ಸಲ್ಲಬೇಕು. ಸಾಲದಷ್ಟು ಬಾರದಿದ್ದರೆ ಕೊರತೆಯನ್ನು ಅವನೇ ತುಂಬಬೇಕು. ಆದುದರಿಂದ ನಾಲ್ವರು ವರ್ತಕರು ಒಳಗೊಳಗೇ ಮಾತಾಡಿಕೊಂಡು ಬೆಲೆಯನ್ನು 3 ಲಕ್ಷ ಇಳಿಸಿದರೆ ಆ ಹಣ ಬರುವುದು ಬ್ಯಾಂಕಿನ ಗಂಟಿನಿಂದಲ್ಲ. ಮನೆ ಕಳೆದುಕೊಂಡವನ ಪಾಲಿನಿಂದ ಅಥವಾ ಅವನ ಮೇಲುಳಿಯುವ ಋಣದ ರೂಪದಲ್ಲಿ. ಶ್ರಾವಕರ ಪರಿಗ್ರಹ ಪರಿಮಾಣದಲ್ಲಿ ‘ಕ್ಷೇತ್ರ-ವಾಸ್ತು’, ಎಂದರೆ ಹೊಲಮನೆಗಳನ್ನೇ ಮೊದಲು ಎಣಿಸಿದ ಆಚಾರ್ಯರು ಈ ಲೆಕ್ಕವನ್ನು ಬಲ್ಲವರಾಗಿದ್ದಿರಬೇಕು.

ಹಳೆಯ ಸಂಹಿತೆ ಸಾಲಗಾರನಿಗೆ ಸವಾಲಿನ ನಂತರವೂ ಮನೆಯನ್ನು ಬಿಡಿಸಿಕೊಳ್ಳುವ ಅವಕಾಶ ಕೊಟ್ಟಿತ್ತು. ಹೊಸ ಕಾಯ್ದೆಯ 2016ರ ತಿದ್ದುಪಡಿಯ ಮೇರೆಗೆ ಹರಾಜಿನ ಪ್ರಕಟಣೆ ಹೊರಬಿದ್ದೊಡನೆ ಆ ಹಕ್ಕು ಮುಗಿಯುತ್ತದೆಂದು 2023ರ ತೀರ್ಪು ಸ್ಪಷ್ಟಪಡಿಸಿದೆ. ಕೊಳ್ಳುವವನಿಗೆ ಇದರಿಂದ ನೆಮ್ಮದಿ. ಮನೆಯವರಿಗೆ ಉಳಿದಿರುವ ಕಾಲ ಅದಕ್ಕೆ ಹಿಂದಿನದು ಮಾತ್ರ. ಸ್ವಾಧೀನಕ್ಕೆ ಮುನ್ನ ಬ್ಯಾಂಕು 60 ದಿನಗಳ ತಗಾದೆ ನೋಟೀಸು ಕೊಡಬೇಕು, ಸಾಲಗಾರನ ಆಕ್ಷೇಪಣೆಗೆ 15 ದಿನಗಳೊಳಗೆ ಉತ್ತರಿಸಬೇಕು. ಊರಿನ ಉಳ್ಳವರ ಹಣ ಮನೆಯನ್ನು ಕೊಳ್ಳುವುದಕ್ಕಲ್ಲದೆ ಉಳಿಸುವುದಕ್ಕೂ ಒದಗುವುದಾದರೆ ಅದು ಈ 60 ದಿನಗಳಲ್ಲಿ ಮತ್ತು ಪ್ರಕಟಣೆ ಅಚ್ಚಾಗುವ ಮುಂಚಿನ ವಾರಗಳಲ್ಲಿ ಒದಗಬೇಕಾಗುತ್ತದೆ.